ಹಳದಿ ಚೀಲದ ದಾರಿ

ಮಲೆನಾಡಿನ ಒಂದು ಜಿಲ್ಲಾ ಆಸ್ಪತ್ರೆ. ಲ್ಯಾಬ್ ಕಿಟಕಿಯ ಮುಂದೆ ಎಂಟು ಗಂಟೆಗೇ ಸಾಲು ಬೆಳೆದಿದೆ. ಖಾಲಿ ಹೊಟ್ಟೆಯಲ್ಲಿ ಬಂದ ಸಕ್ಕರೆ ಕಾಯಿಲೆಯವರು, ತಾಯಿ ಕಾರ್ಡ್ ಹಿಡಿದ ಬಸುರಿಯರು, ಮೂರು ದಿನದ ಜ್ವರಕ್ಕೆ ಕಂಬಳಿ ಹೊದ್ದು ಗೋಡೆಗೆ ಒರಗಿದ ತೋಟದ ಕೂಲಿಗಳು. ಹೊರಗೆ ಆಷಾಢದ ಮಳೆ. ಕೊಡೆಗಳಿಂದ ಇಳಿದ ನೀರು ಕಾರಿಡಾರಿನ ಉದ್ದಕ್ಕೂ ಹರಿದಿದೆ. ಸೀರೆಯ ಮೇಲೆ ಕೋಟು ತೊಟ್ಟ ಆಯಾ ಒಬ್ಬರು ಮಾಪ್ ಎಳೆಯುತ್ತ, "ಕಾಲು ಎತ್ತಿ, ಕಾಲು ಎತ್ತಿ" ಎಂದು ಸಾಲನ್ನೇ ಕುಣಿಸುತ್ತಿದ್ದಾರೆ.

ಕಿಟಕಿಯೊಳಗೆ ಅಜ್ಜಿಯೊಬ್ಬರು ತೋಳು ಚಾಚಿ ಕೂತಿದ್ದಾರೆ. "ಎಷ್ಟು ರಕ್ತ ತೆಗಿತೀಯೋ ಮಾರಾಯ, ಮೈಯಲ್ಲಿ ಇರೋದೇ ಇಷ್ಟು."

"ಐದು ಎಂ.ಎಲ್. ಅಜ್ಜಿ, ಒಂದು ಚಮಚ. ಮುಷ್ಟಿ ಬಿಗಿ ಹಿಡೀರಿ."

ರಬ್ಬರ್ ಪಟ್ಟಿ ಬಿಗಿಯಿತು, ಸ್ಪಿರಿಟ್ ಹತ್ತಿ ಉಜ್ಜಿತು, ಸೂಜಿ ಇಳಿಯಿತು. ಕಪ್ಪುಗೆಂಪು ರಕ್ತ ಸಿರಿಂಜಿಗೆ ಏರಿ, ಅಲ್ಲಿಂದ ನೇರಳೆ ಮುಚ್ಚಳದ ಟ್ಯೂಬಿಗೆ, ಕೆಂಪು ಮುಚ್ಚಳದ ಟ್ಯೂಬಿಗೆ ಹಂಚಿಹೋಯಿತು. ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು ಅಜ್ಜಿ ಎದ್ದರು. ಅವರ ಪಾಲಿನ ಕೆಲಸ ಮುಗಿದಿದೆ. ಟೆಕ್ನಿಷಿಯನ್ ಹುಡುಗನ ಮೇಜಿನ ಮೇಲೆ ಈಗ ಶುರುವಾಗಬೇಕು. ರಕ್ತ ಮೆತ್ತಿದ ಸೂಜಿ, ಪ್ಲಾಸ್ಟಿಕ್ ಸಿರಿಂಜು, ಒದ್ದೆ ಹತ್ತಿ, ಕೈಗವಸು, ಸಿರಿಂಜು ಸುತ್ತಿ ಬಂದ ಕಾಗದ. ಐದಕ್ಕೂ ಐದು ಗತಿ ಇಲ್ಲ, ಆದರೆ ಒಂದೇ ಗತಿಯೂ ಇಲ್ಲ. ಮುಂದಿನ ಹತ್ತು ಸೆಕೆಂಡಿನಲ್ಲಿ ಅವನ ಕೈ ಏನು ಮಾಡುತ್ತದೋ ಅದರ ಮೇಲೆ ಸಂಜೆಯೊಳಗೆ ಆರೇಳು ಜನರ ಕ್ಷೇಮ ನಿಂತಿದೆ. ಆ ಆರೇಳು ಜನರಲ್ಲಿ ಯಾರೂ ಈ ಅಜ್ಜಿಯನ್ನು ಕಂಡವರಲ್ಲ.

ನಾಲ್ಕು ಬಣ್ಣ

ಸೂಜಿಯ ಮುಚ್ಚಳ ಮೇಜಿನ ಮೇಲೆ ಬಿದ್ದಿದೆ. ಪಕ್ಕದಲ್ಲಿ ತರಬೇತಿಗೆ ನಿಂತ ಡಿ.ಎಂ.ಎಲ್.ಟಿ. (ಲ್ಯಾಬ್ ಡಿಪ್ಲೊಮಾ) ಹುಡುಗಿಯ ಕೈ ಅದರತ್ತ ಹೋಗುತ್ತದೆ. ತೆರೆದದ್ದನ್ನು ಮುಚ್ಚಿಡಬೇಕು ಎಂದು ಮನೆಯಲ್ಲಿ ಕಲಿತ ಕೈ ಅದು.

"ಬಿಡು, ಅದನ್ನ ಮುಟ್ಟಬೇಡ. ಮುಚ್ಚಳ ಹಾಕೋಕೆ ಹೋದಾಗಲೇ ಚುಚ್ಚೋದು."

ಆತ ಸಿರಿಂಜನ್ನು ಹಾಗೆಯೇ ನೀಡಲ್ ಕಟರ್‌ನ ತೂತಿಗೆ ಇಳಿಸಿ ಹಿಡಿ ಒತ್ತುತ್ತಾನೆ. ಕಟಕ್. ಸೂಜಿ ಬುಡಸಮೇತ ತುಂಡಾಗಿ ಕೆಳಗಿನ ಬಿಳಿ ಅರೆಪಾರದರ್ಶಕ ಡಬ್ಬಿಗೆ ಬಿತ್ತು. ಮೂತಿ ಹೋದ ಸಿರಿಂಜು ಕೆಂಪು ಬಕೆಟ್ಟಿಗೆ, ರಕ್ತ ಒರೆಸಿದ ಹತ್ತಿ ಹಳದಿ ಬಕೆಟ್ಟಿಗೆ, ಕೈಗವಸು ಮತ್ತೆ ಕೆಂಪಿಗೆ. ಮೂಲೆಯಲ್ಲಿ ನೀಲಿ ಗುರುತಿನ ಡಬ್ಬ ಒಡೆದ ಗಾಜು, ಔಷಧದ ಸೀಸೆಗಳಿಗಾಗಿ ಕಾದಿದೆ. ಕಾಗದದ ಹೊದಿಕೆ ಮಾತ್ರ ಮಾಮೂಲಿ ಕಸದ ಬುಟ್ಟಿಗೆ. ಬಿಳಿ ಡಬ್ಬಿಯ ಗೋಡೆಗಳು ಸೂಜಿಗೆ ತೂತಾಗದಷ್ಟು ಗಟ್ಟಿ. ಮುಕ್ಕಾಲು ತುಂಬಿತೆಂದರೆ ಮುಚ್ಚಳ ಒತ್ತಿ ಮುಗಿಸಬೇಕು, ಮತ್ತೆ ತೆರೆಯುವಂತಿಲ್ಲ.

ಈ ಬಣ್ಣಗಳ ಹಿಂದೆ ಎರಡು ದಶಕದ ಪಾಠವಿದೆ. ಪರಿಸರ ಸಂರಕ್ಷಣಾ ಕಾಯ್ದೆಯಡಿ ಭಾರತದಲ್ಲಿ ಜೈವಿಕ ವೈದ್ಯಕೀಯ ತ್ಯಾಜ್ಯಕ್ಕೆಂದೇ ಮೊದಲ ನಿಯಮಗಳು ಬಂದದ್ದು 1998ರಲ್ಲಿ. ಆಗ ತ್ಯಾಜ್ಯವನ್ನು ಹತ್ತು ವರ್ಗ ಮಾಡಿದ್ದರು. ರಾತ್ರಿ ಪಾಳಿಯಲ್ಲಿ ನಿದ್ದೆಗಣ್ಣಿನಲ್ಲಿ ಹತ್ತು ವರ್ಗ ನೆನಪಿಟ್ಟು ವಿಂಗಡಿಸುವವರು ಯಾರು? 2016ರ ಮಾರ್ಚ್‌ನಲ್ಲಿ ಹೊಸ ನಿಯಮಗಳು ಬಂದಾಗ ಹತ್ತು ಹೋಗಿ ನಾಲ್ಕು ಬಣ್ಣವಾಯಿತು. ಓದು ಬಾರದವರೂ ಗುರುತಿಸಬಲ್ಲ ನಾಲ್ಕು ಬಣ್ಣ. ದೊಡ್ಡಾಸ್ಪತ್ರೆಗಷ್ಟೇ ಅಲ್ಲ, ಬೀದಿ ತುದಿಯ ರಕ್ತಪರೀಕ್ಷಾ ಕೇಂದ್ರ, ಸಂಶೋಧನಾ ಪ್ರಯೋಗಾಲಯ, ಪಶು ಆಸ್ಪತ್ರೆ, ಒಂದು ದಿನದ ರಕ್ತದಾನ ಶಿಬಿರಕ್ಕೂ ಇದೇ ನಿಯಮ.

ವಿಂಗಡಣೆಯ ಲೆಕ್ಕ ಸರಳ. ಆಸ್ಪತ್ರೆಯಲ್ಲಿ ಹುಟ್ಟುವ ಒಟ್ಟು ಕಸದಲ್ಲಿ ಸುಮಾರು ಶೇ 85ರಷ್ಟು ನಿರುಪದ್ರವಿ, ಶೇ 15ರಷ್ಟು ಮಾತ್ರ ಅಪಾಯದ್ದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಂದೇ ಬುಟ್ಟಿಗೆ ಎರಡನ್ನೂ ಸುರಿದರೆ ನೂರಕ್ಕೆ ನೂರೂ ಅಪಾಯದ್ದಾಯಿತು. ಒಮ್ಮೆ ಬೆರೆತದ್ದನ್ನು ಮತ್ತೆ ಬೇರ್ಪಡಿಸಲು ಯಾರಾದರೂ ಕೈ ಹಾಕಲೇಬೇಕು. ಆ ಕೈ ಬೆರೆಸಿದವನದ್ದಾಗಿರುವುದಿಲ್ಲ.

ಮೂತಿ ಕತ್ತರಿಸದ ಸಿರಿಂಜು ಎಲ್ಲಿಗೆ ಹೋಗಬಲ್ಲದು ಎಂಬುದಕ್ಕೆ ಗುಜರಾತಿನ ಮೊಡಾಸಾ ಸಾಕ್ಷಿ. 2009ರಲ್ಲಿ ಆ ಪಟ್ಟಣದ ಸುತ್ತಮುತ್ತ ಹೆಪಟೈಟಿಸ್ ಬಿ ಕಾಮಾಲೆ ಎದ್ದು ಹಲವರು ಸತ್ತರು. ಒಮ್ಮೆ ಬಳಸಿದ ಸಿರಿಂಜುಗಳೇ ಮತ್ತೆ ಮತ್ತೆ ಮೈಗೆ ಇಳಿದದ್ದು ತನಿಖೆಯಲ್ಲಿ ಬಯಲಾಯಿತು. ಹಳೆಯ ಸಿರಿಂಜುಗಳ ವ್ಯಾಪಾರದ ಜಾಲವೂ ಕಣ್ಣಿಗೆ ಬಿತ್ತು. ಕೆಂಪು ಬಕೆಟ್ಟಿನ ಪ್ಲಾಸ್ಟಿಕ್ಕನ್ನು ಕತ್ತರಿಸಿ ವಿರೂಪಗೊಳಿಸಿಯೇ ಮರುಬಳಕೆಗೆ ಕಳಿಸಬೇಕು ಎಂಬ ನಿಯಮಕ್ಕೆ ಕಾರಣ ಇಂಥದ್ದೇ.

ಒಂದು ರಾತ್ರಿಯಲ್ಲಿ ಕೋಟಿ

ಕಿಟಕಿಯಿಂದ ಒಳಕ್ಕೆ, ಎರಡು ಬಾಗಿಲು ದಾಟಿದರೆ ಮೈಕ್ರೋಬಯಾಲಜಿ. ಇಲ್ಲಿ ಸಾಲಿನ ಗದ್ದಲವಿಲ್ಲ. ಇನ್‌ಕ್ಯುಬೇಟರ್‌ನ ಸಣ್ಣ ಗುಂಯ್‌ಗುಟ್ಟು, ಫ್ಯಾನಿನ ಸದ್ದು, ಮೂಗಿಗೆ ಹತ್ತುವ ಹುಳಿವಾಸನೆ. ಹಿರಿಯ ಟೆಕ್ನಿಷಿಯನ್ ಮೇಡಂ 37 ಡಿಗ್ರಿಯ ಪೆಟ್ಟಿಗೆಯ ಬಾಗಿಲು ತೆಗೆದು ನಿನ್ನೆ ಇಟ್ಟ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಾರೆ. ರಕ್ತ ಬೆರೆಸಿದ ಅಗಾರ್‌ನ ಕೆಂಪು ತಟ್ಟೆಯಲ್ಲಿ ಬಂಗಾರದ ಚುಕ್ಕಿಗಳು. ಗುಲಾಬಿ ತಟ್ಟೆಯಲ್ಲಿ ದಪ್ಪ ಲೋಳೆಯ ದಿಬ್ಬಗಳು. ವಾರ್ಡಿನಲ್ಲಿರುವ ಯಾರದೋ ಹುಣ್ಣಿನ ಕೀವು, ಯಾರದೋ ಮೂತ್ರ. ಯಾವ ಔಷಧ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ಈ ತಟ್ಟೆಗಳೇ ಹೇಳಬೇಕು.

ಲ್ಯಾಬಿನ ಕಸ ವಾರ್ಡಿನ ಕಸಕ್ಕಿಂತ ಬೇರೆಯಾಗುವುದು ಇಲ್ಲಿ. ವಾರ್ಡಿನಿಂದ ಬಂದದ್ದು ಹತ್ತಿ ಕಡ್ಡಿಗೆ ಅಂಟಿದ ಒಂದು ಹನಿ. ಲ್ಯಾಬು ಅದಕ್ಕೆ ಊಟ ಹಾಕಿ, ಬೆಚ್ಚಗಿಟ್ಟು, ಬೇಕೆಂದೇ ಬೆಳೆಸಿದೆ. ಅನುಕೂಲ ಸಿಕ್ಕರೆ ಇ. ಕೋಲೈ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಆ ಲೆಕ್ಕದಲ್ಲಿ ಏಳು ಗಂಟೆಯಲ್ಲಿ ಒಂದು ಹೋಗಿ ಇಪ್ಪತ್ತು ಲಕ್ಷ. ಬೆಳಗಿನ ಹೊತ್ತಿಗೆ ತಟ್ಟೆಯ ಮೇಲಿರುವುದು ಕೋಟಿಗಟ್ಟಲೆ. ಅವುಗಳಲ್ಲಿ ಹಲವು, ಸಾಮಾನ್ಯ ಆಂಟಿಬಯೋಟಿಕ್‌ಗಳಿಗೆ ಜಗ್ಗದ ತಳಿಗಳು. ಹಾಗಾಗಿ ಕಲ್ಚರ್ ತಟ್ಟೆ, ಉಳಿದ ಮಾದರಿ, ಸೂಕ್ಷ್ಮಾಣುಗಳ ದಾಸ್ತಾನು, ಹಳೆಯ ರಕ್ತದ ಚೀಲ ಇವೆಲ್ಲ ಹುಟ್ಟಿದ ಕಟ್ಟಡದಲ್ಲೇ ಸಾಯಬೇಕು. ಜೀವಂತವಾಗಿ ಗೇಟು ದಾಟುವಂತಿಲ್ಲ. ಮೊದಲು ಇಲ್ಲಿ ನಿರ್ಜೀವ ಮಾಡಿ, ಆಮೇಲೆ ಹಳದಿ ಚೀಲದಲ್ಲಿ ಸುಡಲು ಕಳಿಸಬೇಕು ಎಂಬುದು ನಿಯಮ.

ಮಳೆಗಾಲದಲ್ಲಿ ಇಲ್ಲಿಗೆ ಬರುವ ಜ್ವರದ ರಕ್ತದಲ್ಲಿ ಡೆಂಗಿ, ಇಲಿಜ್ವರದ ಹುಡುಕಾಟ. ಬೇಸಿಗೆ ಬಂತೆಂದರೆ ಮಲೆನಾಡಿನ ಲ್ಯಾಬುಗಳಿಗೆ ಬೇರೆಯೇ ಆತಂಕ: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಸತ್ತು ಬಿದ್ದ ಮಂಗಗಳಿಂದ ಗುರುತಿಗೆ ಬಂದ ರೋಗ ಇದು. ಊರಿನ ಹೆಸರೇ ವೈರಸ್ಸಿನ ಹೆಸರಾಗಿ ಜಗತ್ತಿನ ವೈದ್ಯಕೀಯ ಪುಸ್ತಕಗಳನ್ನು ಸೇರಿತು. ಕಾಡಿನಲ್ಲಿ ಉಣ್ಣೆ ಕಚ್ಚಿ ಬರುವ ಈ ರೋಗ, ಅದನ್ನು ಅಭ್ಯಾಸ ಮಾಡುತ್ತಿದ್ದ ಪ್ರಯೋಗಾಲಯಗಳ ಸಿಬ್ಬಂದಿಯನ್ನೂ ಬಿಡಲಿಲ್ಲ. ಉಣ್ಣೆಯೇ ಇಲ್ಲದ ಕೋಣೆಯಲ್ಲಿ, ಟ್ಯೂಬು ಪಿಪೆಟ್ಟುಗಳ ನಡುವೆ ಸೋಂಕು ತಗುಲಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಆದ್ದರಿಂದಲೇ ಇಂಥ ಮಾದರಿಯ ಡಬ್ಬಿ ತೆರೆಯುವುದು ಬಯೋಸೇಫ್ಟಿ ಕ್ಯಾಬಿನೆಟ್ಟಿನ ಗಾಜಿನ ಹಿಂದೆ, ಗಾಳಿ ಒಳಮುಖವಾಗಿ ಹರಿದು ಹೆಪಾ ಫಿಲ್ಟರಿನಲ್ಲಿ ಸೋಸಿ ಹೋಗುವ ಕಡೆ. ಬಳಸಿದ ಪಿಪೆಟ್ ತುದಿ ಕೂಡ ಕ್ಯಾಬಿನೆಟ್ಟಿನೊಳಗಿನ ದ್ರಾವಣದ ಜಾಡಿಗೇ ಬೀಳಬೇಕು. ತುದಿ ಹಿಡಿದು ಕೋಣೆಯಲ್ಲಿ ಓಡಾಡುವ ಹಾಗಿಲ್ಲ.

ಹೈಪೋ ಕ್ಯಾನು

ಸಿಂಕಿನ ಕೆಳಗೆ ನೀಲಿ ಪ್ಲಾಸ್ಟಿಕ್ ಕ್ಯಾನು. ಸೋಡಿಯಂ ಹೈಪೋಕ್ಲೋರೈಟ್, ಲ್ಯಾಬಿನ ಬಾಯಲ್ಲಿ ಬರೀ 'ಹೈಪೋ'. ಪ್ರತಿದಿನ ಬೆಳಗ್ಗೆ ಹೊಸದಾಗಿ ಬೆರೆಸುವುದು ತರಬೇತಿ ಹುಡುಗಿಯ ಪಾಲಿನ ಕೆಲಸ. ಅವಳು ಅಳತೆಯ ಜಗ್ಗು ಎತ್ತಿಕೊಳ್ಳುತ್ತಿದ್ದಂತೆ ಮೇಡಂ ಒಳಗಿಂದಲೇ ಕೂಗುತ್ತಾರೆ: "ಕ್ಯಾನಿನ ಮೇಲೆ 5 ಇದೆಯಾ 10 ಇದೆಯಾ ನೋಡಿದ್ಯಾ? ತಾರೀಕು ನೋಡಿದ್ಯಾ?"

ಶೇ 5ರದ್ದಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು, ಶೇ 10ರದ್ದಾದರೆ ಒಂಬತ್ತು ಪಾಲು. ಸಿಗಬೇಕಾದದ್ದು ಶೇ 1ರ ದ್ರಾವಣ. ನಿನ್ನೆಯದು ಇಂದಿಗಾಗದು, ಬಿಸಿಲು ತಾಗಿದರೆ ಕ್ಲೋರಿನ್ ಹಾರಿಹೋಗುತ್ತದೆ. ರಕ್ತ ಜಾಸ್ತಿ ಸೇರಿದರೆ ಅದನ್ನೇ ತಿನ್ನುವುದರಲ್ಲಿ ದ್ರಾವಣದ ಶಕ್ತಿ ಮುಗಿದು ರೋಗಾಣು ಹಾಗೇ ಉಳಿಯುತ್ತದೆ. ಮುಳುಗಿಸಿ ಕನಿಷ್ಠ 20 ನಿಮಿಷ ಬಿಡಬೇಕು. ಕ್ಷಯದ ಕಫಕ್ಕೆ ಹಲವು ಕೇಂದ್ರಗಳು ಶೇ 5ರ ಫಿನಾಲ್ ಬಳಸುತ್ತವೆ. ಮೇಣದ ಕವಚದ ಆ ಬ್ಯಾಕ್ಟೀರಿಯಾ ಲೋಳೆಯೊಳಗೆ ಅಡಗಿ ಕೂರುವಂಥದ್ದು.

ತಾರೀಕು ನೋಡದಿದ್ದರೆ ಏನಾಗುತ್ತದೆ ಎಂಬುದನ್ನು ಚೀನಾದ ಲಾಂಜೌ ನಗರ ಅನುಭವಿಸಿದೆ. ದನಕುರಿಗಳ ಬ್ರುಸೆಲ್ಲೋಸಿಸ್ ರೋಗಕ್ಕೆ ಲಸಿಕೆ ತಯಾರಿಸುವ ಕಾರ್ಖಾನೆಯೊಂದು 2019ರ ಜುಲೈ-ಆಗಸ್ಟ್‌ನಲ್ಲಿ ಅವಧಿ ಮೀರಿದ ಸೋಂಕುನಾಶಕ ಬಳಸಿತು. ಹೊರಬಿಟ್ಟ ಗಾಳಿಯಲ್ಲಿ ಬ್ಯಾಕ್ಟೀರಿಯಾ ಪೂರ್ತಿ ಸತ್ತಿರಲಿಲ್ಲ. ಗಾಳಿ ಬೀಸಿದ ದಿಕ್ಕಿನಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ರಕ್ತಪರೀಕ್ಷೆಯಲ್ಲಿ ಸೋಂಕು ಕಾಣಿಸಿತು. ಬಾಂಬಿಲ್ಲ, ಬೆಂಕಿಯಿಲ್ಲ, ಡಬ್ಬಿಯ ಮೇಲಿನ ತಾರೀಕನ್ನು ಕಡೆಗಣಿಸಿದ್ದಷ್ಟೆ.

ಹೈಪೋ ಎಲ್ಲದಕ್ಕೂ ಮದ್ದಲ್ಲ. ಕೋವಿಡ್ ನಂತರ ಜಿಲ್ಲೆ ಜಿಲ್ಲೆಗೂ ಆರ್‌ಟಿ-ಪಿಸಿಆರ್ ಯಂತ್ರಗಳು ಬಂದವು. ವೈರಸ್ಸಿನ ಆರ್‌ಎನ್‌ಎ ಬಿಡಿಸಲು ಬಳಸುವ ಕಿಟ್‌ಗಳಲ್ಲಿ ಗ್ವಾನಿಡಿನ್ ಲವಣಗಳಿರುತ್ತವೆ. ಅಭ್ಯಾಸಬಲದಿಂದ ಅದರ ಮೇಲೂ ಹೈಪೋ ಸುರಿದರೆ ವಿಷಾನಿಲ ಏಳುತ್ತದೆ. ಹೈಪೋದಲ್ಲಿ ನೆನೆದದ್ದನ್ನು ಹಬೆಯ ಒತ್ತಡದಲ್ಲಿ ಬೇಯಿಸುವ ಆಟೋಕ್ಲೇವಿಗೆ ಇಟ್ಟರೂ ಬಿಸಿಗೆ ಕ್ಲೋರಿನ್ ಅನಿಲವೇ ಹೊರಡುವುದು. ಗೋಡೆಗೆ ಅಂಟಿಸಿದ ಕೆಂಪಕ್ಷರದ ಚೀಟಿ ಈ ಎರಡನ್ನೂ ಹೇಳುತ್ತದೆ. ಚೀಟಿಯ ತುದಿ ಹಳದಿಯಾಗಿದೆ, ಆದರೂ ಯಾರೂ ತೆಗೆದಿಲ್ಲ.

ಮುಂದಿನದು ಮೋರಿ. ಯಂತ್ರಗಳು ಪರೀಕ್ಷೆ ಮುಗಿಸಿ ಉಗುಳುವ ನೀರು, ತೊಳೆದ ನೀರು, ಚೆಲ್ಲಿದ ಮೂತ್ರ ಕಣ್ಣಿಗೆ ಕಾಣದೆ ಹೋಗಿಬಿಡುವ ದಾರಿ. ಆ ದಾರಿ ಸೋರಿದರೆ ಏನಾದೀತು ಎಂಬುದಕ್ಕೂ ಉದಾಹರಣೆಯಿದೆ. 2007ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ, ಪಿರ್‌ಬ್ರೈಟ್ ಎಂಬಲ್ಲಿಗೆ ಹತ್ತಿರದ ಹೊಲವೊಂದರ ದನಗಳಿಗೆ ಕಾಲುಬಾಯಿ ಜ್ವರ ಬಂತು. ವೈರಸ್ಸನ್ನು ಪರೀಕ್ಷಿಸಿದರೆ ಅದು ಹೊರಗೆಲ್ಲೂ ಓಡಾಡುತ್ತಿದ್ದ ತಳಿಯಲ್ಲ; 1967ರ ಕಾಲದ, ಪ್ರಯೋಗಾಲಯಗಳಲ್ಲಷ್ಟೇ ಇದ್ದ ತಳಿ. ಪಿರ್‌ಬ್ರೈಟಿನಲ್ಲಿ ಪಶುರೋಗ ಸಂಶೋಧನಾ ಸಂಸ್ಥೆ, ಲಸಿಕೆ ಕಾರ್ಖಾನೆ ಎರಡೂ ಒಂದೇ ಆವರಣದಲ್ಲಿದ್ದವು. ತನಿಖೆಯವರ ಬೆರಳು ಅಲ್ಲಿನ ಹಳೆಯ ಒಳಚರಂಡಿ ಕೊಳವೆಯತ್ತ ಹೋಯಿತು. ಶುದ್ಧೀಕರಣ ಘಟಕಕ್ಕೆ ತಲುಪುವ ಮೊದಲೇ ಕೊಳವೆ ಸೋರಿದೆ; ಮಳೆಗೆ ಮಣ್ಣು ನೆನೆದಿದೆ; ಕಟ್ಟಡ ಕೆಲಸದ ಲಾರಿಗಳ ಚಕ್ರಕ್ಕೆ ಆ ಮಣ್ಣು ಮೆತ್ತಿ ರಸ್ತೆಗೆ ಬಂದಿದೆ ಎಂಬುದೇ ಅವರು ಕಂಡುಕೊಂಡ ಬಹುಸಂಭವನೀಯ ದಾರಿ. ಕಾಲುಬಾಯಿ ಜ್ವರಕ್ಕೆ ಕೊಟ್ಟಿಗೆ ಖಾಲಿಯಾದ ಸಂಕಟ ಕರ್ನಾಟಕದ ರೈತನಿಗೆ ಬಿಡಿಸಿ ಹೇಳಬೇಕಿಲ್ಲ.

ಕೊಳಕಿನ ಕುಕ್ಕರ್

ಕಾರಿಡಾರಿನ ತುದಿಯ ಕೋಣೆಯಲ್ಲಿ ಎರಡು ಆಟೋಕ್ಲೇವ್. ಒಂದು ಹೊಸ ಮಾಧ್ಯಮ, ಗಾಜಿನ ಸಾಮಾನು ಶುದ್ಧಿಗೆ; ಇನ್ನೊಂದು ಕಸಕ್ಕೆ. ಎರಡೂ ಅದಲುಬದಲಾಗುವಂತಿಲ್ಲ. ಬಾಗಿಲು ತೆರೆದರೆ ಮುಖಕ್ಕೆ ಹಬೆ. ಬೆಂದ ಅಗಾರ್‌ನ, ಬೆಂದ ರಕ್ತದ ವಾಸನೆ. ಮೊದಲ ವಾರ ಊಟ ಸೇರುವುದಿಲ್ಲ, ಆಮೇಲೆ ಮೂಗಿಗೆ ಗೊತ್ತೇ ಆಗುವುದಿಲ್ಲ ಎನ್ನುತ್ತಾರೆ ಇಲ್ಲಿ ಕೆಲಸ ಮಾಡುವ ಗ್ರೂಪ್ ಡಿ ಅಣ್ಣ.

ಯಂತ್ರ ನಮ್ಮ ಅಡುಗೆಮನೆಯ ಕುಕ್ಕರಿನ ದೊಡ್ಡಣ್ಣನೇ. ಒತ್ತಡ ಏರಿದರೆ ಹಬೆಯ ಬಿಸಿ ನೂರು ಡಿಗ್ರಿ ದಾಟುತ್ತದೆ. ಇಲ್ಲಿ 15 ಪೌಂಡ್ ಒತ್ತಡಕ್ಕೆ 121 ಡಿಗ್ರಿ. ಪಾತ್ರೆಗೆ ಅಕ್ಕಿ ಕಿಕ್ಕಿರಿದು ತುಂಬಿದರೆ ನಡುವೆ ಬೇಯದೆ ಉಳಿಯುತ್ತದಲ್ಲ, ಕಸಕ್ಕೂ ಅದೇ ಗತಿ. ಚೀಲದ ಬಾಯಿ ಬಿಗಿದು ಕಟ್ಟಿದರೆ ಒಳಗಿನ ಗಾಳಿ ಹೊರಬರದು, ಹಬೆ ಒಳಹೋಗದು. ಹೊರಗಿನ ಮುಳ್ಳು 121 ತೋರಿಸುತ್ತಿದ್ದರೂ ಚೀಲದ ನಡುವಿನ ತಟ್ಟೆ ಉಗುರುಬೆಚ್ಚಗೆ ಇದ್ದುಬಿಡಬಹುದು. ಅದಕ್ಕೇ ಚೀಲ ಮುಕ್ಕಾಲು ಮಾತ್ರ ತುಂಬಬೇಕು, ಬಾಯಿ ಸಡಿಲವಿರಬೇಕು. ಬಿಸಿಗೆ ಕರಗದ ಆಟೋಕ್ಲೇವ್ ಚೀಲವೇ ಬೇಕು. ಲೂಯಿ ಪಾಶ್ಚರ್ ಅವರ ಸಹೋದ್ಯೋಗಿ ಚಾರ್ಲ್ಸ್ ಶಾಂಬರ್ಲಾಂಡ್ 1879ರಲ್ಲಿ ಈ ಯಂತ್ರ ರೂಪಿಸಿದ ಕಾಲದಿಂದ ತತ್ವ ಬದಲಾಗಿಲ್ಲ. ನಿಯಮ ಕೇಳುವುದು ಸಾಮಾನ್ಯ ಆಟೋಕ್ಲೇವಿನಲ್ಲಿ 121 ಡಿಗ್ರಿಗೆ ಕನಿಷ್ಠ 60 ನಿಮಿಷ. ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯುವ ಯಂತ್ರದಲ್ಲಾದರೆ 45 ನಿಮಿಷ.

ಸತ್ತಿತೆಂದು ನಂಬುವುದು ಹೇಗೆ? ಚೀಲಕ್ಕೆ ಅಂಟಿಸಿದ ಟೇಪಿನ ಮೇಲೆ ಕಪ್ಪು ಗೆರೆ ಮೂಡಿದರೆ ಬಿಸಿ ತಾಗಿದೆ ಎಂದರ್ಥ, ಅಷ್ಟೆ. ನಿಜವಾದ ಸಾಕ್ಷಿ ಬೇರೆ. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ, ಮನುಷ್ಯನಿಗೆ ರೋಗ ತರದ ಆದರೆ ಬಿಸಿಗೆ ಮಹಾ ಹಠಮಾರಿಯಾದ ಬ್ಯಾಕ್ಟೀರಿಯಾದ ಹತ್ತು ಲಕ್ಷ ಬೀಜಕಣಗಳಿರುವ ಸಣ್ಣ ಸೀಸೆಯನ್ನು ಕಸದ ನಡುವೆಯೇ ಹುದುಗಿಸಿಡುತ್ತಾರೆ. ಯಂತ್ರ ತಣ್ಣಗಾದ ಮೇಲೆ ಅದನ್ನು ತೆಗೆದು 55ರಿಂದ 60 ಡಿಗ್ರಿಯ ಬಿಸಿಯಲ್ಲಿಟ್ಟು ಕಾಯುತ್ತಾರೆ. ಸೀಸೆಯ ನೇರಳೆ ಬಣ್ಣ ಹಾಗೇ ಉಳಿದರೆ ಎಲ್ಲ ಸತ್ತಿದೆ. ಹಳದಿಗೆ ತಿರುಗಿದರೆ ಒಂದಾದರೂ ಬದುಕಿದೆ, ಆ ಕಸವೆಲ್ಲ ಮತ್ತೆ ಒಳಕ್ಕೆ. ಗೋಡೆಯ ಲಾಗ್ ಪುಸ್ತಕದಲ್ಲಿ ದಿನ, ಹೊತ್ತು, ಒತ್ತಡ, ಡಿಗ್ರಿ, ಸಹಿ. ಪುಟದ ಅಂಚಿನಲ್ಲಿ ಹಬೆಯ ನೀರು ಬಿದ್ದು ಶಾಯಿ ಹರಡಿದೆ. ಆ ಕಲೆಯಿಂದಲೇ ಇದು ಯಂತ್ರದ ಪಕ್ಕದಲ್ಲಿ ನಿಂತು ಬರೆದದ್ದು, ತಿಂಗಳ ಕೊನೆಗೆ ಕುರ್ಚಿಯಲ್ಲಿ ಕೂತು ತುಂಬಿಸಿದ್ದಲ್ಲ ಎಂದು ಗೊತ್ತಾಗುತ್ತದೆ.

ಚುಚ್ಚಿದ ಸೂಜಿ

ಮಧ್ಯಾಹ್ನ ಸೆಂಟ್ರಿಫ್ಯೂಜಿನೊಳಗೆ ಟಪ್ ಎಂದಿತು. ಟ್ಯೂಬೊಂದು ಒಡೆದಿದೆ. ಹುಡುಗಿ ಮುಚ್ಚಳಕ್ಕೆ ಕೈ ಹಾಕುವ ಮುನ್ನ ಮೇಡಂ ತಡೆದರು. ಯಂತ್ರ ನಿಲ್ಲಿಸಿ, ಮುಚ್ಚಳ ಮುಚ್ಚೇ ಇರಲಿ, ಅರ್ಧ ಗಂಟೆ ಯಾರೂ ತೆರೆಯಬೇಡಿ. ತಿರುಗುವ ಯಂತ್ರದಲ್ಲಿ ಒಡೆದ ರಕ್ತ ಕಣ್ಣಿಗೆ ಕಾಣದ ಹನಿಗಳಾಗಿ ಗಾಳಿಯಲ್ಲಿ ತೇಲುತ್ತದೆ. ಅದು ಕೆಳಗಿಳಿದು ಕೂರಲು ಹೊತ್ತು ಕೊಡಬೇಕು. ಆಮೇಲೆ ದಪ್ಪ ಕೈಗವಸು, ಮಾಸ್ಕು. ಚೂರುಗಳನ್ನು ಎತ್ತಲು ಚಿಮಟ, ಬೆರಳಲ್ಲ. ನೆಲಕ್ಕೆ ಚೆಲ್ಲಿದ್ದರೆ ಮೊದಲು ಮೇಲೆ ಹೀರುವ ಕಾಗದ ಹಾಸಿ, ಅಂಚಿನಿಂದ ನಡುವಿಗೆ ಹೈಪೋ ಸುರಿದು ಕಾಯುವುದು. ನಡುವಿನಿಂದ ಶುರು ಮಾಡಿದರೆ ಕೊಳಕು ಹರಡುತ್ತದೆ.

ಬೆಳಗ್ಗೆ ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದ ಆಯಾ ಈಗ ಚೀಲಗಳನ್ನು ಎತ್ತಲು ಬಂದಿದ್ದಾರೆ. ಎಡಗೈ ತೋರುಬೆರಳನ್ನು ತೋರಿಸುತ್ತಾರೆ, ಗುರುತೇನೂ ಉಳಿದಿಲ್ಲ. ಹಿಂದೊಮ್ಮೆ ಹಳದಿ ಚೀಲ ಎತ್ತುವಾಗ ಒಳಗಿದ್ದ ಸೂಜಿ ಕೈಗವಸು ತೂರಿ ಬಂದಿತ್ತು. ಹತ್ತಿ ಮಾತ್ರ ಇರಬೇಕಾದ ಚೀಲದಲ್ಲಿ ಯಾರೋ ಅವಸರದಲ್ಲಿ ಎಸೆದ ಸೂಜಿ.

"ಯಾರದ್ದೋ ಸೂಜಿ, ಯಾವ ರೋಗದ್ದೋ. ಆರು ತಿಂಗಳು ಮನೇಲಿ ಮಕ್ಕಳಿಗೆ ಮುತ್ತು ಕೊಡೋಕೂ ಭಯ ಆಗಿತ್ತು ಸಾರ್."

ರೋಗವಿದ್ದವರ ರಕ್ತ ಮೆತ್ತಿದ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಂಭವ ಶೇ 0.3ರಷ್ಟು. ಹೆಪಟೈಟಿಸ್ ಸಿ ಶೇ 2ರ ಆಸುಪಾಸು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಶೇ 30ರವರೆಗೂ ತಗಲಬಹುದು. ಆ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರಬಲ್ಲದು. ಚುಚ್ಚಿದ ಕೂಡಲೇ ಸೋಪು ನೀರಿನಲ್ಲಿ ತೊಳೆಯಬೇಕು. ಹಿಂಡುವುದು, ಚೀಪುವುದು ಕೂಡದು. ಮುಚ್ಚಿಡದೆ ಮೇಲಿನವರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆ ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಎರಡು ಗಂಟೆಯೊಳಗಾದರೆ ಉತ್ತಮ, 72 ಗಂಟೆ ಮೀರಿದರೆ ಉಪಯೋಗವಿಲ್ಲ. ಶುರು ಮಾಡಿದರೆ 28 ದಿನ ನುಂಗಬೇಕು. ಈ ಆಯಾ ಆ ಹೊತ್ತಿಗಾಗಲೇ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಸಿದ್ದರು, ಪರೀಕ್ಷೆಗಳೆಲ್ಲ ಸರಿಬಂದವು.

ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ, ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆಯಾದರೂ ತರಬೇತಿ ಹಾಗೂ ಆರೋಗ್ಯ ತಪಾಸಣೆ ಕೊಡಿಸಬೇಕೆಂಬುದು 2016ರ ನಿಯಮದಲ್ಲೇ ಇದೆ. ಹೊರಗುತ್ತಿಗೆಯವರಿಗೂ ಅದು ಅನ್ವಯ. ಕಾಗದದ ಮೇಲೆ ಅನ್ವಯವಾದದ್ದು ಬೆರಳಿಗೂ ಅನ್ವಯವಾಗಿದೆಯೇ ಎಂದು ಕೇಳುವವರು ಬೇಕು.

ಗೇಟಿನಾಚೆ

ಹಿತ್ತಲಿನ ಶೇಖರಣಾ ಕೋಣೆಗೆ ಜಾಲರಿ ಬಾಗಿಲು, ಬೀಗ. ನಾಯಿ, ಇಲಿ, ಚಿಂದಿ ಆಯುವವರು ಒಳಹೋಗದ ಹಾಗೆ. ಪ್ರತಿ ಚೀಲಕ್ಕೆ ಬಾರ್‌ಕೋಡ್ ಚೀಟಿ, ತಕ್ಕಡಿಯಲ್ಲಿ ತೂಕ, ಪುಸ್ತಕದಲ್ಲಿ ಬಣ್ಣವಾರು ಲೆಕ್ಕ. ಸಂಸ್ಕರಿಸದ ಹಳದಿ ಕಸ 48 ಗಂಟೆಗಿಂತ ಹೆಚ್ಚು ಹೊತ್ತು ಕೂರುವಂತಿಲ್ಲ. ಮಳೆಗೆ ರಸ್ತೆ ಕುಸಿದು ಗಾಡಿ ತಡವಾದ ದಿನ ಇಲ್ಲಿನವರಿಗೆ ಗಡಿಯಾರ ನೋಡುವುದೇ ಕೆಲಸ.

ಇಂದು ಗಾಡಿ ಬಂದಿದೆ. ಜಿಪಿಎಸ್ ಅಳವಡಿಸಿದ, ಮುಚ್ಚಿದ ವಾಹನ. ಪಕ್ಕದಲ್ಲಿ ಒಂದಕ್ಕೊಂದು ಹೆಣೆದ ಮೂರು ಬಾಗಿದ ಕೊಂಬಿನ ಕಪ್ಪು ಗುರುತು, ಜೈವಿಕ ಅಪಾಯದ ಸಂಕೇತ. 1966ರಲ್ಲಿ ಅಮೆರಿಕದ ಡೌ ಕೆಮಿಕಲ್ ಕಂಪನಿಯಲ್ಲಿ ಚಾರ್ಲ್ಸ್ ಬಾಲ್ಡ್‌ವಿನ್ ಮತ್ತು ಸಂಗಡಿಗರು ಈ ಗುರುತು ರೂಪಿಸಿದರು. ಹಲವು ಚಿತ್ರಗಳನ್ನು ಜನರಿಗೆ ತೋರಿಸಿ, ನೋಡಿದವರಿಗೆ ಯಾವ ಅರ್ಥವೂ ಹೊಳೆಯದ ಆದರೆ ಮನಸ್ಸಿನಲ್ಲಿ ಉಳಿಯುವ ಚಿತ್ರವನ್ನೇ ಆರಿಸಿಕೊಂಡರು. ಅರ್ಥವನ್ನು ಹೊಸದಾಗಿ ಕಲಿಸಬಹುದು ಎಂಬುದು ಅವರ ಲೆಕ್ಕ. ಮೂರು ಮುಖದ ವಿನ್ಯಾಸಕ್ಕೂ ಕಾರಣವಿದೆ: ಡಬ್ಬಿ ಅಡ್ಡ ಬಿದ್ದರೂ ತಲೆಕೆಳಗಾದರೂ ಗುರುತು ಸಿಗಬೇಕು.

ಗಾಡಿ ಹೋಗುವುದು ಕೈಗಾರಿಕಾ ಪ್ರದೇಶದ ಸಾಮೂಹಿಕ ಸಂಸ್ಕರಣಾ ಘಟಕಕ್ಕೆ. 75 ಕಿಲೋಮೀಟರ್ ಒಳಗೆ ಇಂಥ ಘಟಕವಿದ್ದರೆ ಆಸ್ಪತ್ರೆ ತನ್ನ ಅಂಗಳದಲ್ಲಿ ಸ್ವಂತ ಘಟಕ ಹಾಕುವಂತಿಲ್ಲ. ಅಲ್ಲಿ ದಾರಿಗಳು ಮತ್ತೆ ಕವಲೊಡೆಯುತ್ತವೆ. ಕೆಂಪು ಚೀಲದ ಪ್ಲಾಸ್ಟಿಕ್ ದೊಡ್ಡ ಆಟೋಕ್ಲೇವಿನಲ್ಲಿ ಬೆಂದು, ಶ್ರೆಡ್ಡರಿನಲ್ಲಿ ಚೂರಾಗಿ ಮರುಬಳಕೆಗೆ ಹೋಗುತ್ತದೆ. ಸೂಜಿಗಳು ಶುದ್ಧಿಯಾಗಿ ಲೋಹದ ಕುಲುಮೆಗೋ ಸಿಮೆಂಟಿನೊಳಗೋ ಸೇರುತ್ತವೆ. ಗಾಜು ಮತ್ತೆ ಗಾಜಾಗಲು ಹೊರಡುತ್ತದೆ. ಹಳದಿ ಚೀಲಕ್ಕೆ ಮಾತ್ರ ಬೆಂಕಿ.

ಇನ್ಸಿನರೇಟರ್‌ನ ಮುಂದೆ ನಿಲ್ಲಲಾಗದಷ್ಟು ಝಳ. ಮೊದಲ ಕೋಣೆಯಲ್ಲಿ ಕನಿಷ್ಠ 800 ಡಿಗ್ರಿ. ಅಲ್ಲಿ ಎದ್ದ ಹೊಗೆ ಎರಡನೇ ಕೋಣೆಯಲ್ಲಿ 1050 ಡಿಗ್ರಿಯ ಆಸುಪಾಸಿನಲ್ಲಿ ಕನಿಷ್ಠ ಎರಡು ಸೆಕೆಂಡು ಉರಿಯಬೇಕು. ಆಮೇಲೆ ತೊಳೆದು, 30 ಮೀಟರ್ ಎತ್ತರದ ಚಿಮಣಿಯಿಂದ ಹೊರಕ್ಕೆ. ಹೊಗೆಯ ಅಳತೆ ಆನ್‌ಲೈನ್‌ನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗುತ್ತಿರಬೇಕು. ಬಿಸಿ ಕಡಿಮೆಯಾದರೆ, ಕ್ಲೋರಿನ್ ಇರುವ ಪ್ಲಾಸ್ಟಿಕ್ ನುಸುಳಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹಳದಿ ಚೀಲಕ್ಕೆ ಹೋಗುವ ಲ್ಯಾಬ್ ಕಸವನ್ನು ಕ್ಲೋರಿನ್ ಇಲ್ಲದ ವಿಧಾನದಲ್ಲೇ ಮೊದಲು ಶುದ್ಧಿ ಮಾಡಬೇಕೆಂದು ನಿಯಮ ಹೇಳುವುದು, ಚೀಲಗಳೂ ಕ್ಲೋರಿನ್‌ರಹಿತ ಪ್ಲಾಸ್ಟಿಕ್ಕಿನದೇ ಆಗಬೇಕೆನ್ನುವುದು ಇದಕ್ಕೇ. ಜಿಲ್ಲಾಸ್ಪತ್ರೆಯ ಮೇಜಿನಲ್ಲಿ ತಪ್ಪು ಬುಟ್ಟಿಗೆ ಬಿದ್ದ ಒಂದು ಕೈಗವಸು, ಒಂದು ರಕ್ತದ ನಳಿಕೆ ಇಲ್ಲಿ, ಘಟಕದ ಸುತ್ತಲಿನ ಹಳ್ಳಿಗಳ ಗಾಳಿಯಾಗುತ್ತದೆ. ಉಳಿದ ಬೂದಿ ಅಪಾಯಕಾರಿ ತ್ಯಾಜ್ಯಕ್ಕೆಂದೇ ಮೀಸಲಾದ ಭೂಭರ್ತಿಗೆ ಹೋಗುತ್ತದೆ.

ಇಷ್ಟೆಲ್ಲ ಯಂತ್ರ, ಉಷ್ಣ, ಚಿಮಣಿ, ಬಾರ್‌ಕೋಡ್ ಇದ್ದರೂ ಇಡೀ ದಾರಿಯಲ್ಲಿ ತೀರ್ಮಾನದ ಜಾಗ ಒಂದೇ: ಕಸ ಹುಟ್ಟಿದ ಮೇಜು. ಅಲ್ಲಿ ತಪ್ಪಿದ್ದನ್ನು ಮುಂದಿನ ಯಾವ ಯಂತ್ರವೂ ತಿದ್ದುವುದಿಲ್ಲ, ಮುಂದಿನವರ ಮೈಮೇಲೆ ಹಾಕುತ್ತದೆ ಅಷ್ಟೆ. ದೊಡ್ಡ ಪದವಿಯವರು ಎಸೆದದ್ದನ್ನು ಕಡಿಮೆ ಸಂಬಳದವರು ಎತ್ತುವ ವ್ಯವಸ್ಥೆಯಲ್ಲಿ ವಿಂಗಡಣೆ ಸ್ವಚ್ಛತೆಯ ವಿಷಯವಲ್ಲ, ನ್ಯಾಯದ ವಿಷಯ.

ಈ ಮೇಜು ಈಗ ನಮ್ಮ ಮನೆಗಳಲ್ಲೂ ಇದೆ. ಇನ್ಸುಲಿನ್ ಸೂಜಿ, ಶುಗರ್ ನೋಡುವ ಲ್ಯಾನ್ಸೆಟ್ಟು, ಹಾಸಿಗೆ ಹಿಡಿದ ಹಿರಿಯರ ಮೂತ್ರದ ಚೀಲ. ಇವನ್ನು ಹಸಿಕಸಕ್ಕೂ ಒಣಕಸಕ್ಕೂ ಸೇರಿಸಬೇಡಿ. ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿದು, ಮೇಲೆ 'ಸೂಜಿ' ಎಂದು ದೊಡ್ಡದಾಗಿ ಬರೆದು, ಕಸದ ಗಾಡಿಯವರಿಗೆ ಬೇರೆಯಾಗಿ, ಹೇಳಿ ಕೊಡಿ. ನಿಮ್ಮ ಲ್ಯಾಬು ಅಥವಾ ಕ್ಲಿನಿಕ್ಕು ತೆಗೆದುಕೊಳ್ಳುತ್ತದೆಯೇ ಎಂದೂ ಕೇಳಿ. ಮುಂದಿನ ಸಲ ರಕ್ತ ಕೊಡಲು ತೋಳು ಚಾಚಿದಾಗ ಸೂಜಿ ಎಲ್ಲಿಗೆ ಬಿತ್ತೆಂದು ಒಮ್ಮೆ ನೋಡಿ. ತಪ್ಪು ಬುಟ್ಟಿಗೆ ಬಿದ್ದಿದ್ದರೆ ಸಂಕೋಚವಿಲ್ಲದೆ ಹೇಳಿ. ಅದನ್ನು ಎತ್ತುವವರಿಗೆ ನೀವು ಮಾಡಬಹುದಾದ ಉಪಕಾರ ಅದೇ.